ಹಳೆಯ ವಿಡಿಯೋ ಗೇಮ್‌ಗಳ ಗ್ರಾಫಿಕ್ಸ್‌ಗೆ ಅಂಕ ಕೊಡುವುದು ಯಾವ ಅಳತೆಯಿಂದ?

ಪ್ರಶ್ನೆ: ತುಂಗಾತೀರ

ಎಲ್ಲರಿಗೂ ನಮಸ್ಕಾರ.

ನಾನು ಮತ್ತು ನನ್ನ ಗೆಳೆಯರೊಬ್ಬರು ಸೇರಿ 1985ರಿಂದ 2005ರವರೆಗಿನ ಆಯ್ದ ವಿಡಿಯೋ ಗೇಮ್‌ಗಳನ್ನು ಕನ್ನಡದಲ್ಲಿ ಪರಿಚಯಿಸುವ ಲೇಖನಗಳನ್ನು ಬರೆಯುತ್ತಿದ್ದೇವೆ. ಪ್ರತಿ ಲೇಖನದ ಕೊನೆಯಲ್ಲಿ ಗ್ರಾಫಿಕ್ಸ್, ಧ್ವನಿ, ಆಟದ ಹಿಡಿತ ಮತ್ತು ಒಟ್ಟು ಗುಣಮಟ್ಟ ಎಂಬ ನಾಲ್ಕು ಬಾಬ್ತುಗಳಿಗೆ ಹತ್ತಕ್ಕೆ ಇಷ್ಟು ಎಂದು ಅಂಕ ಕೊಡುತ್ತಾ ಬಂದಿದ್ದೇವೆ. ಹನ್ನೊಂದು ಲೇಖನಗಳವರೆಗೆ ತಕರಾರಿಲ್ಲದೆ ಸಾಗಿದ ಕೆಲಸ ಪ್ರಾಜೆಕ್ಟ್ ಐಜಿಐ ಬಳಿಗೆ ಬಂದು ನಿಂತುಬಿಟ್ಟಿದೆ.

ನಾರ್ವೆಯ ಇನ್ನರ್‌ಲೂಪ್ ಸ್ಟುಡಿಯೋಸ್ ತಯಾರಿಸಿದ ಈ ಆಟ 2000ದ ಡಿಸೆಂಬರ್‌ನಲ್ಲಿ ಬಂದದ್ದು. ಸೈಬರ್ ಸೆಂಟರ್‌ಗಳ ಕಾಲದಲ್ಲಿ ಬೆಳೆದ ನನ್ನ ಓರಗೆಯವರಲ್ಲಿ ಇದನ್ನು ಒಮ್ಮೆಯಾದರೂ ಆಡದವರು ಕಡಿಮೆ. ಇದರ ಗ್ರಾಫಿಕ್ಸ್‌ಗೆ ಗೆಳೆಯರು 8 ಅಂಕ ಕೊಟ್ಟರು, ನಾನು 4 ಕೊಟ್ಟೆ. ಅವರು ಹೇಳುವುದೇನೆಂದರೆ, ಆ ದಿನಗಳ ಹೆಚ್ಚಿನ ಶೂಟಿಂಗ್ ಆಟಗಳು ಕೋಣೆ ಮತ್ತು ಕಾರಿಡಾರ್‌ಗಳೊಳಗೆ ನಡೆಯುತ್ತಿದ್ದಾಗ ಐಜಿಐ ಆಟಗಾರನನ್ನು ಬೆಟ್ಟದ ಮೇಲೆ ನಿಲ್ಲಿಸಿ ನೂರಾರು ಮೀಟರ್ ದೂರದ ಸೇನಾ ನೆಲೆಯನ್ನು ಒಂದೇ ನೋಟಕ್ಕೆ ತೋರಿಸಿತು. ಇನ್ನರ್‌ಲೂಪ್ ಅದಕ್ಕೆ ಮೊದಲು ಜಾಯಿಂಟ್ ಸ್ಟ್ರೈಕ್ ಫೈಟರ್ ಎಂಬ ಯುದ್ಧವಿಮಾನದ ಆಟಕ್ಕಾಗಿ ಕಟ್ಟಿದ್ದ ಎಂಜಿನ್ನನ್ನೇ (ಆಟವನ್ನು ನಡೆಸುವ ಮೂಲ ತಂತ್ರಾಂಶವನ್ನೇ) ಇಲ್ಲಿ ಬಳಸಿದ್ದರಿಂದ ಇದು ಸಾಧ್ಯವಾಯಿತು. ಇವೆಲ್ಲವನ್ನೂ ನಾನು ಒಪ್ಪುತ್ತೇನೆ. ಆದರೆ ಕಳೆದ ತಿಂಗಳು ಮತ್ತೆ ಆಡಿದಾಗ ಕಾವಲುಗಾರರ ಮುಖಗಳು ಪೆಟ್ಟಿಗೆಗೆ ಅಂಟಿಸಿದ ಚಿತ್ರಗಳಂತೆ ಕಂಡವು, ಬೆಟ್ಟದ ಮೈತುಂಬ ಒಂದೇ ಟೆಕ್ಸ್ಚರ್, ಅಂದರೆ ಮೇಲ್ಮೈಗೆ ಹೊದಿಸುವ ಚಿತ್ರ, ಮತ್ತೆ ಮತ್ತೆ ಹಾಸಿಕೊಂಡಿತ್ತು. ಇಂದಿನ ಓದುಗರಿಗೆ 8 ಎಂದು ಹೇಳಿ ಆಡಲು ಕಳಿಸಿದರೆ ನಾವು ಅವರಿಗೆ ಸುಳ್ಳು ಹೇಳಿದಂತಾಗುವುದಿಲ್ಲವೇ ಎಂಬುದು ನನ್ನ ಅಳುಕು.

ಹಾಗೆಂದು ನಾನು ಕೊಟ್ಟ 4 ಕೂಡ ನನಗೆ ಸಮಾಧಾನ ತಂದಿಲ್ಲ. ಹತ್ತಕ್ಕೆ ಎನ್ನುವಾಗ ಆ ಹತ್ತು ಯಾವ ವರ್ಷದ ಹತ್ತು? ಬಿಡುಗಡೆಯಾದ ವರ್ಷದ್ದೋ, ಇಂದಿನದ್ದೋ? ಅದಲ್ಲದೆ ಗ್ರಾಫಿಕ್ಸನ್ನು ಒಟ್ಟು ಗುಣಮಟ್ಟದಿಂದ ಬೇರ್ಪಡಿಸಿ ತೂಗಲು ನಿಜವಾಗಿ ಸಾಧ್ಯವೇ? ಈ ವಿಷಯವನ್ನು ಗಂಭೀರವಾಗಿ ಯೋಚಿಸಿದವರು ದಯವಿಟ್ಟು ತಿಳಿಸಬೇಕು.

ಉತ್ತರ: ಸ್ಕ್ಯಾನ್‌ಲೈನ್

ತುಂಗಾತೀರ ಅವರೇ, ಯಾವ ವರ್ಷದ ಹತ್ತು ಎಂದು ಕೇಳುವುದಕ್ಕೆ ಮೊದಲು ಯಾವ ಪರದೆಯ ಮೇಲಿನ ಚಿತ್ರ ಎಂದು ಕೇಳಿಕೊಳ್ಳಬೇಕು. ನಾನು ಹವ್ಯಾಸಕ್ಕಾಗಿ ಹಳೆಯ ಕನ್ಸೋಲ್‌ಗಳನ್ನೂ ಪಿಕ್ಚರ್ ಟ್ಯೂಬ್ ಇರುವ ಟಿವಿಗಳನ್ನೂ ರಿಪೇರಿ ಮಾಡುತ್ತೇನೆ. ಹಳೆಯ ಆಟಗಳ ಬಗ್ಗೆ ಇಂದು ಬರುವ ದೂರುಗಳಲ್ಲಿ ಬಹಳಷ್ಟು ಆಟದ ದೋಷಗಳೇ ಅಲ್ಲ, ನೋಡುವ ವಿಧಾನದಿಂದ ಹುಟ್ಟಿದ ದೋಷಗಳು ಎಂಬುದು ನನ್ನ ಅನುಭವ.

1991ರ ಸೋನಿಕ್ ಆಟದ ಜಲಪಾತವನ್ನು ಉದಾಹರಣೆಯಾಗಿ ನೋಡಿ. ಸೆಗಾ ಮೆಗಾ ಡ್ರೈವ್‌ನಲ್ಲಿ ಒಂದು ಚಿತ್ರದ ಮೂಲಕ ಅದರ ಹಿಂದಿನದು ಅರ್ಧ ಕಾಣುವಂತೆ ಪದರಗಳನ್ನು ಬೆರೆಸುವ ಸೌಲಭ್ಯ ಇರಲಿಲ್ಲ. ಕಲಾವಿದರು ಜಲಪಾತವನ್ನು ಒಂದು ಗೆರೆ ನೀರು, ಒಂದು ಗೆರೆ ಖಾಲಿ ಎಂಬಂತೆ ಉದ್ದುದ್ದ ಪಟ್ಟಿಗಳಾಗಿ ಬರೆದರು. ಬಣ್ಣ ಮತ್ತು ಬೆಳಕು ಎರಡನ್ನೂ ಒಂದೇ ತಂತಿಯಲ್ಲಿ ಕೂಡಿಸಿ ಕಳಿಸುವ ಕಾಂಪೋಸಿಟ್ ಸಿಗ್ನಲ್‌ನಲ್ಲಿ ಅಕ್ಕಪಕ್ಕದ ಪಿಕ್ಸೆಲ್‌ಗಳು ಒಂದರೊಳಗೊಂದು ಬೆರೆತುಹೋಗುವುದರಿಂದ, ಅಂದಿನ ಟಿವಿಯಲ್ಲಿ ಆ ಪಟ್ಟಿಗಳು ಮಾಯವಾಗಿ, ಹಿಂದಿನ ಬಂಡೆ ಮಸುಕಾಗಿ ಕಾಣುವ ತಿಳಿನೀರು ಮೂಡುತ್ತಿತ್ತು. ಅದೇ ಆಟವನ್ನು ಇಂದಿನ ಎಲ್‌ಇಡಿ ಪರದೆಯಲ್ಲಿ ಎಮ್ಯುಲೇಟರ್ (ಹಳೆಯ ಯಂತ್ರವನ್ನು ಅನುಕರಿಸುವ ತಂತ್ರಾಂಶ) ಹಾಕಿ ನೋಡಿದರೆ ಜಾಲರಿ ಕಾಣುತ್ತದೆ. ಜಾಲರಿಗೆ ಅಂಕ ಕಳೆದರೆ ಕಲಾವಿದ ಬರೆಯದ ಚಿತ್ರಕ್ಕೆ ಅಂಕ ಕಳೆದಂತೆ.

ಆದರೆ ಇದನ್ನು ಕೇಳಿ ಎಲ್ಲ ಹಳೆಯ ಆಟಗಳಿಗೂ ಮಸುಕಿನ ಫಿಲ್ಟರ್ ಹಾಕುವವರಿದ್ದಾರೆ, ಅದೂ ತಪ್ಪು. ಡಾಸ್ ಕಾಲದ ಪಿಸಿ ಆಟಗಳು ಟಿವಿಗಾಗಿ ಬರೆದವಲ್ಲ. 320×200 ಪಿಕ್ಸೆಲ್‌ಗಳ ಚಿತ್ರವನ್ನು, ಪಿಸಿಯಿಂದ ಮಾನಿಟರ್‌ಗೆ ಚಿತ್ರ ಕಳಿಸುವ ವಿಜಿಎ ಕಾರ್ಡು ಪ್ರತಿ ಸಾಲನ್ನೂ ಎರಡೆರಡು ಬಾರಿ ಬರೆದು 400 ಸಾಲುಗಳನ್ನಾಗಿ ಮಾಡುತ್ತಿತ್ತು. ಹಾಗಾಗಿ ಸಾಲುಗಳ ನಡುವೆ ಕಪ್ಪು ಗೆರೆಗಳು ಕಾಣುತ್ತಿರಲಿಲ್ಲ, ಚಿತ್ರವೂ ಚೂಪಾಗಿಯೇ ಇರುತ್ತಿತ್ತು. ಅಲ್ಲಿನ ತೊಂದರೆ ಬೇರೆ. ಆ 320×200ರ ಚಿತ್ರ 4:3 ಮಾನಿಟರ್ ತುಂಬ ಹರಡಿಕೊಳ್ಳುತ್ತಿದ್ದುದರಿಂದ ಪ್ರತಿ ಪಿಕ್ಸೆಲ್ ತನ್ನ ಅಗಲಕ್ಕಿಂತ ಐದನೇ ಒಂದು ಪಾಲು ಎತ್ತರವಾಗಿರುತ್ತಿತ್ತು. 1993ರ ಡೂಮ್ ಆಟದ ರಾಕ್ಷಸರನ್ನು ಇಂದಿನ ಚೌಕ ಪಿಕ್ಸೆಲ್‌ಗಳಲ್ಲಿ ಹಾಗೆಯೇ ತೋರಿಸಿದರೆ ಅವರು ತುಳಿದಂತೆ ಕುಳ್ಳಗಾಗುತ್ತಾರೆ. ಅಂತರ್ಜಾಲದಲ್ಲಿ ಓಡಾಡುವ ಹಳೆಯ ಆಟಗಳ ಚಿತ್ರಗಳಲ್ಲಿ ಈ ದೋಷ ಎಷ್ಟು ಸಾಮಾನ್ಯವೆಂದರೆ, ಅವುಗಳನ್ನಷ್ಟೇ ನೋಡಿ ವಿಮರ್ಶೆ ಬರೆಯುವುದನ್ನು ನಾನು ಒಪ್ಪಲಾರೆ.

ವೇಗದ ವಿಷಯದಲ್ಲೂ ಇಂಥದ್ದೇ ತೊಡಕಿದೆ. ಜಪಾನ್ ಮತ್ತು ಅಮೆರಿಕದ ಟಿವಿಗಳು ಸೆಕೆಂಡಿಗೆ 60 ಬಾರಿ ಚಿತ್ರ ಬದಲಿಸುತ್ತಿದ್ದರೆ ಪಾಲ್ ಪದ್ಧತಿಯ ಟಿವಿಗಳು 50 ಬಾರಿ ಬದಲಿಸುತ್ತಿದ್ದವು. 60ಕ್ಕೆಂದು ಬರೆದ ಆಟವನ್ನು ಹೊಂದಿಸದೆ ಪಾಲ್ ಕನ್ಸೋಲ್‌ಗೆ ತಂದಾಗ ಅದು ಆರನೇ ಒಂದು ಪಾಲು ನಿಧಾನವಾಗುತ್ತಿತ್ತು. ಭಾರತದ ಟಿವಿಯೂ ಆಗ ಪಾಲ್ ಪದ್ಧತಿಯದೇ ಆಗಿತ್ತು. ಆದ್ದರಿಂದ ಬಾಲ್ಯದ ನೆನಪಿನಿಂದ ಒಂದು ಆಟದ ಚುರುಕುತನಕ್ಕೆ ಅಂಕ ಕೊಡುವವರು ತಾವು ಯಾವ ಆವೃತ್ತಿಯನ್ನು ಆಡಿದ್ದರು ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು.

ನೀವು ಐಜಿಐಯನ್ನು ಕಳೆದ ತಿಂಗಳು ಯಾವ ಪರದೆಯಲ್ಲಿ ಆಡಿದಿರಿ? 4:3 ಚಿತ್ರವನ್ನು ಅಗಲ ಪರದೆಗೆ ಎಳೆದು ಆಡಿದ್ದರೆ ನಿಮ್ಮ 4ರಲ್ಲಿ ಒಂದಿಷ್ಟು ಪಾಲು ಆಟದ ತಪ್ಪಲ್ಲ.

ಉತ್ತರ: ಕುಂಚ

ಸ್ಕ್ಯಾನ್‌ಲೈನ್ ಅವರು ಹೇಳಿದ್ದು ಮೊದಲ ಮೆಟ್ಟಿಲು, ಅದನ್ನು ಹತ್ತದೆ ಮುಂದಕ್ಕೆ ಹೋಗಲಾಗದು. ಆದರೆ ಸರಿಯಾದ ಪರದೆಯಲ್ಲಿ ಕೂರಿಸಿದ ಮೇಲೂ ಪ್ರಶ್ನೆ ಉಳಿಯುತ್ತದೆ. ನಾನು ವೃತ್ತಿಯಿಂದ ಚಿತ್ರಗಾರ. ನಿಮ್ಮಿಬ್ಬರ 8 ಮತ್ತು 4ರ ಹಿಂದೆ ಒಂದೇ ಅಳತೆಗೋಲು ಇದೆ ಎಂದು ನನಗನ್ನಿಸುತ್ತದೆ. ಚಿತ್ರ ಎಷ್ಟರಮಟ್ಟಿಗೆ ನಿಜದಂತಿದೆ ಎಂಬುದೇ ಆ ಅಳತೆ. ನಿಮ್ಮ ಗೆಳೆಯರು ಅದಕ್ಕೆ ಕಾಲದ ರಿಯಾಯಿತಿ ಸೇರಿಸಿದ್ದಾರೆ, ನೀವು ಸೇರಿಸಿಲ್ಲ, ವ್ಯತ್ಯಾಸ ಅಷ್ಟೇ. ಈ ರಿಯಾಯಿತಿಯನ್ನೇ ನಾನು ವಿರೋಧಿಸುತ್ತೇನೆ. ಆ ಕಾಲಕ್ಕೆ ಚೆನ್ನಾಗಿತ್ತು ಎನ್ನುವ ಮಾತು ಮೇಲುನೋಟಕ್ಕೆ ಹೊಗಳಿಕೆಯಂತೆ ಕಂಡರೂ, ಪಾಪ ಅವರ ಕೈಲಿ ಅಷ್ಟೇ ಆಗುತ್ತಿತ್ತು ಎಂಬ ಅರ್ಥವನ್ನು ಹೊಟ್ಟೆಯಲ್ಲಿಟ್ಟುಕೊಂಡಿರುತ್ತದೆ. ಬೇಲೂರಿನ ಬಳಪದ ಕಲ್ಲಿನಲ್ಲಿ ಬರುವ ಸೂಕ್ಷ್ಮ ಕುಸುರಿ ಬಾದಾಮಿಯ ಮರಳುಗಲ್ಲಿನಲ್ಲಿ ಬರುವುದಿಲ್ಲ. ಹಾಗೆಂದು ಬಾದಾಮಿಯ ಶಿಲ್ಪಕ್ಕೆ ಕಲ್ಲಿನ ರಿಯಾಯಿತಿ ಕೊಟ್ಟು ಅಂಕ ಹಾಕಬೇಕೆಂದು ಯಾರಿಗೂ ಅನ್ನಿಸುವುದಿಲ್ಲ, ಏಕೆಂದರೆ ಅದನ್ನು ಕಡೆದವರು ಆ ಕಲ್ಲಿಗೆ ಒಗ್ಗುವುದನ್ನೇ ಕಡೆದಿದ್ದಾರೆ.

ನನ್ನ ಅಳತೆ ಇದು: ಆಟಗಾರನ ಕಣ್ಣಿಗೂ ಕೈಗೂ ಬೇಕಾದದ್ದನ್ನು ಆ ಚಿತ್ರ ಬೇಕಾದ ಕ್ಷಣದಲ್ಲಿ ತಿಳಿಸುತ್ತದೆಯೇ, ತಾನು ಹುಟ್ಟಿಸಬೇಕೆಂದಿರುವ ಭಾವವನ್ನು ಹುಟ್ಟಿಸುತ್ತದೆಯೇ? ಗೇಮ್‌ನ ಚಿತ್ರ ಗೋಡೆಗೆ ತೂಗುಹಾಕುವುದಲ್ಲ, ಅದನ್ನು ನೋಡಿಕೊಂಡು ಕೈ ಕೆಲಸ ಮಾಡಬೇಕು.

ಮಾರಿಯೋನ ಟೋಪಿ ಮತ್ತು ಮೀಸೆಯ ಕಥೆ ಹಲವರಿಗೆ ಗೊತ್ತಿದೆ. 1981ರ ಡಾಂಕಿ ಕಾಂಗ್‌ಗಾಗಿ ಶಿಗೆರು ಮಿಯಾಮೊಟೊ ಆ ಪಾತ್ರವನ್ನು ಬರೆದಾಗ ಬೆರಳೆಣಿಕೆಯ ಪಿಕ್ಸೆಲ್‌ಗಳಲ್ಲಿ ಕೂದಲನ್ನು ತೋರಿಸುವುದು ಕಷ್ಟವಿತ್ತು, ಟೋಪಿ ಬಂತು. ಬಾಯಿ ಬರೆಯುವ ಬದಲು ಮೂಗು ಎದ್ದು ಕಾಣಲೆಂದು ಮೀಸೆ ಬಂತು. ಕೈ ಬೀಸುವುದು ಮೈಯಿಂದ ಬೇರೆಯಾಗಿ ಕಾಣಲೆಂದು ಎರಡು ಬಣ್ಣದ ಉಡುಪು ಬಂತು. 1985ರ ಸೂಪರ್ ಮಾರಿಯೋ ಬ್ರದರ್ಸ್ ಇಡೀ ಆಟ 40 ಕಿಲೋಬೈಟ್‌ಗಳಲ್ಲಿ ಅಡಕವಾಗಿದೆ. ಅದರ ಮೋಡ ಮತ್ತು ಪೊದೆ ಎರಡೂ ಒಂದೇ ಚಿತ್ರ, ಬಣ್ಣ ಮಾತ್ರ ಬೇರೆ. ಹೀಗಿದ್ದೂ ಆ ಆಟದಲ್ಲಿ ಯಾವುದರ ಮೇಲೆ ನಿಲ್ಲಬಹುದು, ಯಾವುದನ್ನು ಮುಟ್ಟಿದರೆ ಸಾಯುತ್ತೇವೆ ಎಂಬುದು ತಿಳಿಯದೆ ಯಾರೂ ಸೋತಿಲ್ಲ ಎನ್ನಬಹುದು. ನನ್ನ ಅಳತೆಯಲ್ಲಿ ಅದಕ್ಕೆ ರಿಯಾಯಿತಿಯ ಅಗತ್ಯವೇ ಬೀಳುವುದಿಲ್ಲ.

1989ರ ಪ್ರಿನ್ಸ್ ಆಫ್ ಪರ್ಷಿಯಾ ಇನ್ನೂ ಒಳ್ಳೆಯ ಸಾಕ್ಷಿ. ಜೋರ್ಡನ್ ಮೆಕ್ನರ್ ತಮ್ಮ ಸಹೋದರ ಓಡುವುದನ್ನೂ ಹಾರುವುದನ್ನೂ ವಿಡಿಯೋ ಚಿತ್ರೀಕರಿಸಿ, ಒಂದೊಂದೇ ಭಂಗಿಯನ್ನು ನೋಡಿ ಬರೆದು ರಾಜಕುಮಾರನಿಗೆ ಚಲನೆ ಕೊಟ್ಟರು. ಅವನ ಮುಖದಲ್ಲಿ ಕಣ್ಣುಮೂಗುಗಳ ವಿವರವೇ ಇಲ್ಲ. ಆದರೆ ಓಡುತ್ತಾ ಬಂದವನು ನಿಲ್ಲಲು ಒಂದು ಹೆಜ್ಜೆ ಜಾರುತ್ತಾನೆ, ಅಂಚನ್ನು ಹಿಡಿದು ಜೋತುಬಿದ್ದವನು ಮೈಯ ಭಾರವನ್ನು ಎಳೆದುಕೊಂಡೇ ಮೇಲೇರುತ್ತಾನೆ. ಬಿದ್ದರೆ ಮೂಳೆ ಮುರಿಯುತ್ತದೆ ಎಂಬ ಭಯ ಆ ಭಾರದಿಂದಲೇ ಬರುತ್ತದೆ. ಹೊಸ ಎದುರಾಳಿಯ ಚಿತ್ರಗಳನ್ನು ಇಡಲು ಕಂಪ್ಯೂಟರಿನ ನೆನಪಿನಲ್ಲಿ ಜಾಗ ಉಳಿಯದಿದ್ದಾಗ ಮೆಕ್ನರ್ ರಾಜಕುಮಾರನ ಚಿತ್ರವನ್ನೇ ಕೊಂಚ ಸರಿಸಿ ಅದರ ಮೇಲೆಯೇ ಹಾಯಿಸಿ ನೆರಳು ಮನುಷ್ಯನನ್ನು ಸೃಷ್ಟಿಸಿದರು, ಮುಂದೆ ಕಥೆಗೆ ಅದೇ ಜೀವಾಳವಾಯಿತು. ಇದಕ್ಕೆ ಗ್ರಾಫಿಕ್ಸ್ ಅಂಕ ಬೇರೆ, ಒಟ್ಟು ಗುಣಮಟ್ಟದ ಅಂಕ ಬೇರೆ ಎಂದು ಕತ್ತರಿಸಲು ನನಗಂತೂ ಕೈ ಬರುವುದಿಲ್ಲ.

ಎಲ್ಲ ಹಳೆಯದೂ ಈ ಅಳತೆಯಲ್ಲಿ ಗೆಲ್ಲುತ್ತದೆ ಎಂದಲ್ಲ. 1994ರ ಡಾಂಕಿ ಕಾಂಗ್ ಕಂಟ್ರಿಯಲ್ಲಿ ದುಬಾರಿ ಸಿಲಿಕಾನ್ ಗ್ರಾಫಿಕ್ಸ್ ಯಂತ್ರಗಳಲ್ಲಿ ಮೊದಲೇ ತಯಾರಿಸಿದ ತ್ರೀಡಿ ಚಿತ್ರಗಳನ್ನು ಬಳಸಿದ್ದರು. ಅಂದು ಜನ ಬೆರಗಾದದ್ದು ಆ ಹೊಳಪಿಗೆ, ಇಂದು ಮಂಕಾಗಿರುವುದೂ ಅದೇ ಹೊಳಪು. ಮರುವರ್ಷ ಅದೇ ಕನ್ಸೋಲ್‌ಗೆ ಬಂದ ಯೋಶೀಸ್ ಐಲ್ಯಾಂಡ್ ಬಣ್ಣದ ಬಳಪದಲ್ಲಿ ಗೀಚಿದಂತೆ ಕಾಣುವ ಚಿತ್ರಗಳನ್ನು ಆರಿಸಿಕೊಂಡಿತು, ಅದು ಇಂದಿಗೂ ತಾಜಾ ಆಗಿದೆ ಎಂಬುದು ನನ್ನ ಅಭಿಪ್ರಾಯ.

ಐಜಿಐಗೆ ಬರುತ್ತೇನೆ. ಆ ಆಟದ ನಿಜವಾದ ಕೆಲಸ ದೂರದಿಂದ ನೆಲೆಯನ್ನು ಓದುವುದು. ದುರ್ಬೀನಿನಲ್ಲಿ ಕಾವಲುಗೋಪುರಗಳನ್ನು ಎಣಿಸುತ್ತೇವೆ, ಉಪಗ್ರಹ ನಕ್ಷೆಯನ್ನು ಹತ್ತಿರಕ್ಕೆ ಎಳೆದು ಕಾವಲುಗಾರರು ಅಡ್ಡಾಡುವ ದಾರಿಯನ್ನು ನೋಡಿಕೊಳ್ಳುತ್ತೇವೆ, ಆಮೇಲೆ ಬೇಲಿಯ ಕಡೆಗೆ ಇಳಿಯುತ್ತೇವೆ. ಆ ದೂರವನ್ನು ಮಂಜಿನಲ್ಲಿ ಮುಚ್ಚದೆ ತೋರಿಸಿದ್ದು ಆ ಚಿತ್ರಗಳ ಸಾರ್ಥಕತೆ. ಮುಖಗಳು ಪೆಟ್ಟಿಗೆಯಂತಿದ್ದರೆ ಇರಲಿ, ಮುಖ ನೋಡಿ ತೀರ್ಮಾನಿಸುವ ಪ್ರಸಂಗ ಆ ಆಟದಲ್ಲಿ ಬರುವುದೇ ಇಲ್ಲ. ಆದರೆ ಮಿಷನ್ ನಡುವೆ ಸೇವ್ ಮಾಡಲು ಬಿಡದಿರುವುದು 2000ದಲ್ಲೂ ದೋಷವೇ ಆಗಿತ್ತು, ಅಂದಿನ ವಿಮರ್ಶಕರೂ ಅದನ್ನು ಎತ್ತಿ ತೋರಿಸಿದ್ದರು. ಅದಕ್ಕೂ ರಿಯಾಯಿತಿ ಬೇಡ.

ಉತ್ತರ: ಹೊಸ ಮಿಷನ್

ನಾನು ಹುಟ್ಟಿದ್ದು ಈ ಆಟ ಬಂದ ಮೂರು ವರ್ಷಗಳ ನಂತರ. ನೆನಪಿನ ಹಂಗಿಲ್ಲದೆ ಆಡಿದವಳ ಅನುಭವವೂ ಇಲ್ಲಿರಲಿ ಎಂದು ಬರೆಯುತ್ತಿದ್ದೇನೆ. ಅಣ್ಣನ ಒತ್ತಾಯಕ್ಕೆ ಕಳೆದ ಬೇಸಿಗೆಯಲ್ಲಿ ಐಜಿಐ ಶುರು ಮಾಡಿ, ಹದಿನಾಲ್ಕು ಮಿಷನ್‌ಗಳಲ್ಲಿ ಒಂಬತ್ತನ್ನು ಮುಗಿಸಿದೆ.

ಮೊದಲ ಅರ್ಧ ಗಂಟೆ ಚಿತ್ರಗಳು ಕಣ್ಣಿಗೆ ಅಡ್ಡ ಬಂದವು, ಆಮೇಲೆ ಅವುಗಳ ಕಡೆ ಗಮನವೇ ಹೋಗಲಿಲ್ಲ. ನನ್ನನ್ನು ಕಾಡಿದ್ದು ಬೇರೆ ಎರಡು ಸಂಗತಿಗಳು. ಮುಕ್ಕಾಲು ಗಂಟೆ ಎಚ್ಚರದಿಂದ ನುಸುಳಿ ಕೊನೆಯ ಬಾಗಿಲಲ್ಲಿ ಸತ್ತಾಗ ಮತ್ತೆ ಮೊದಲಿನಿಂದ ಆಡಬೇಕಾಗುತ್ತದೆ; ಅಲಾರಾಂ ಹೊಡೆದಾಗ ನಾನು ಆಗಲೇ ಖಾಲಿ ಮಾಡಿದ್ದ ಬ್ಯಾರಕ್‌ನಿಂದ ಮತ್ತೆ ಸೈನಿಕರು ಹೊರಬರುತ್ತಾರೆ. ಎರಡನೆಯದು ನಂಬಿಕೆಯನ್ನೇ ಕೆಡಿಸುತ್ತದೆ, ಏಕೆಂದರೆ ಕುಂಚ ಅವರು ಹೇಳಿದಂತೆ ಇಡೀ ಆಟ ನಿಂತಿರುವುದು ನೋಡಿ, ಎಣಿಸಿ, ಯೋಜನೆ ಹಾಕುವುದರ ಮೇಲೆ. ಎಣಿಕೆಯೇ ಸುಳ್ಳಾದರೆ ದುರ್ಬೀನಿಗೆ ಏನು ಬೆಲೆ?

ಚಿತ್ರದ ಬಗ್ಗೆಯೂ ಒಂದು ದೂರಿದೆ, ಅದನ್ನು ಕುಂಚ ಅವರ ಅಳತೆಯಲ್ಲೇ ಹೇಳುತ್ತೇನೆ. ದೂರದ ಕಾವಲುಗಾರ ಕೆಲವೇ ಪಿಕ್ಸೆಲ್‌ಗಳ ಚುಕ್ಕೆ. ಆ ಚುಕ್ಕೆ ನನ್ನನ್ನು ಸ್ಪಷ್ಟವಾಗಿ ಗುರಿಯಿಟ್ಟು ಹೊಡೆಯುತ್ತದೆ, ನನಗೆ ಮಾತ್ರ ಅದು ಮನುಷ್ಯನೋ ಕಂಬವೋ ತಿಳಿಯುವುದಿಲ್ಲ. ಬೇಕಾದದ್ದನ್ನು ಬೇಕಾದ ಕ್ಷಣದಲ್ಲಿ ತಿಳಿಸದ ಚಿತ್ರ ಅದು.

ಪ್ರಶ್ನೆ ಕೇಳಿದವರಿಂದ: ತುಂಗಾತೀರ

ಮೂವರಿಗೂ ಕೃತಜ್ಞತೆಗಳು. ಸ್ಕ್ಯಾನ್‌ಲೈನ್ ಅವರ ಅನುಮಾನ ಸರಿ, ನಾನು ಅಗಲ ಪರದೆಗೆ ಎಳೆದೇ ಆಡಿದ್ದೆ. ಈಗ 4:3ರಲ್ಲಿ ಮತ್ತೆ ನೋಡಿದೆ; ಕಟ್ಟಡಗಳೂ ಮನುಷ್ಯರೂ ಸರಿಯಾದ ಅಳತೆಗೆ ಬಂದರು, ನೆಲೆಯ ಅಂದಾಜು ಕೂಡ ಸುಲಭವಾಯಿತು.

ಇನ್ನೊಂದು ಸಂದೇಹ ಉಳಿದಿದೆ. ಹಳೆಯ ಆಟವೊಂದನ್ನು ಹೊಸ ಚಿತ್ರಗಳೊಂದಿಗೆ ಮರುಪ್ರಕಟಿಸಿದಾಗ ಓದುಗರಿಗೆ ಯಾವುದನ್ನು ಸೂಚಿಸಬೇಕು? ನಮ್ಮ ಪಟ್ಟಿಯಲ್ಲಿ 2004ರ ಜಿಟಿಎ ಸ್ಯಾನ್ ಆಂಡ್ರಿಯಾಸ್ ಇದೆ, 2021ರಲ್ಲಿ ಅದರ ಪರಿಷ್ಕೃತ ಆವೃತ್ತಿ ಬಂದಿದೆ.

ಉತ್ತರ: ಕುಂಚ

ಅದು ಬಹಳ ಒಳ್ಳೆಯ ಉದಾಹರಣೆ, ಏಕೆಂದರೆ ಹಳೆಯ ಚಿತ್ರದಲ್ಲಿ ಯಾವುದು ಕೊರತೆ, ಯಾವುದು ಅರ್ಥ ಎಂಬುದನ್ನು ಗುರುತಿಸದಿದ್ದರೆ ಏನಾಗುತ್ತದೆ ಎಂಬುದು ಅಲ್ಲಿ ಕಣ್ಣಿಗೆ ಕಟ್ಟಿದಂತಿದೆ. ಮೂಲ ಆಟ ಪ್ಲೇಸ್ಟೇಷನ್ 2ರ 32 ಮೆಗಾಬೈಟ್ ನೆನಪಿನಲ್ಲಿ ಮೂರು ನಗರಗಳನ್ನೂ ಅವುಗಳ ನಡುವಿನ ಹಳ್ಳಿಗಾಡನ್ನೂ ಹಿಡಿದಿಡಬೇಕಿತ್ತು. ದೂರದ್ದನ್ನು ಮಬ್ಬಿನಲ್ಲಿ ಮುಚ್ಚಿದ್ದು ಅನಿವಾರ್ಯದಿಂದಲೇ ಇರಬಹುದು, ಆದರೆ ಆ ಮಬ್ಬಿನಿಂದಾಗಿ ಒಂದು ಊರಿನಿಂದ ಇನ್ನೊಂದಕ್ಕೆ ಹೋಗುವುದು ನಿಜವಾದ ಪ್ರಯಾಣವೆನಿಸುತ್ತಿತ್ತು. 2021ರ ಆವೃತ್ತಿ ಬಿಡುಗಡೆಯಾದಾಗ ಮಬ್ಬು ಸರಿದು ಬೆಟ್ಟದ ತುದಿಯಿಂದ ಇಡೀ ರಾಜ್ಯ ಒಂದೇ ನೋಟಕ್ಕೆ ಸಿಕ್ಕಿತು, ಅದು ಎಷ್ಟು ಚಿಕ್ಕದೆಂದು ಬಯಲಾಯಿತು. ಐಜಿಐಗೆ ಪ್ರಾಣವಾದ ದೂರದ ನೋಟವೇ ಇಲ್ಲಿ ಆಟವನ್ನು ಕುಗ್ಗಿಸಿತು ಎಂಬುದನ್ನು ಗಮನಿಸಿ.

ಇನ್ನೊಂದು ಸಣ್ಣ ವಿವರ ನನ್ನನ್ನು ಬಹಳ ದಿನ ಕಾಡಿದೆ. ಆ ಆಟದಲ್ಲಿ ಟಫ್ ನಟ್ ಎಂಬ ಡೋನಟ್ ಅಂಗಡಿಯಿದೆ, ಅದರ ಮಾಡಿನ ಮೇಲೆ ಬೋಲ್ಟಿಗೆ ಹಾಕುವ ಆರು ಮೂಲೆಯ ದೊಡ್ಡ ನಟ್ ಇದೆ. ಹೆಸರಿನ ಚಮತ್ಕಾರವೇ ಆ ಆರು ಮೂಲೆ. ಪರಿಷ್ಕರಣೆಯಲ್ಲಿ ಮೂಲೆಗಳನ್ನು ಹಳೆಯ ಗ್ರಾಫಿಕ್ಸಿನ ಒರಟುತನವೆಂದು ಎಣಿಸಿ ಉಜ್ಜಿಬಿಟ್ಟಿದ್ದರಿಂದ ಅದು ದುಂಡಗಿನ ಟೈರಿನಂತಾಯಿತು; ಆಮೇಲೆ ತಿದ್ದಬೇಕಾಯಿತು. ಆವೃತ್ತಿಯ ಒಟ್ಟು ಸ್ಥಿತಿಗಾಗಿ ಪ್ರಕಾಶಕರು ಬಹಿರಂಗವಾಗಿ ಕ್ಷಮೆ ಕೇಳಿದರು, ನಂತರದ ಅಪ್‌ಡೇಟ್‌ಗಳಲ್ಲಿ ಹಳೆಯ ವಾತಾವರಣಕ್ಕೆ ಹತ್ತಿರದ ಬೆಳಕನ್ನು ಮರಳಿ ತಂದರು. ನನ್ನ ಸಲಹೆಯೆಂದರೆ ಮೂಲ ಆಟವನ್ನೇ ವಿಮರ್ಶಿಸಿ, ಪರಿಷ್ಕೃತ ಆವೃತ್ತಿಯನ್ನು ಬೇರೆಯೇ ಕೃತಿ ಎಂದು ಪರಿಗಣಿಸಿ.

ಉತ್ತರ: ಸ್ಕ್ಯಾನ್‌ಲೈನ್

ಒಂದು ಮಾತು ಸೇರಿಸುತ್ತೇನೆ. ನಿಂತ ಚಿತ್ರದಲ್ಲಿ ಕಾಣದ ಫ್ರೇಮ್ ವೇಗವೂ (ಸೆಕೆಂಡಿಗೆ ಎಷ್ಟು ಚಿತ್ರಗಳು ಮೂಡುತ್ತವೆ ಎಂಬುದು) ಗ್ರಾಫಿಕ್ಸ್‌ನದೇ ಭಾಗ, ಅದನ್ನು ಬಿಟ್ಟು ಅಂಕ ಕೊಡಬೇಡಿ. 1998ರಲ್ಲಿ ನಿಂಟೆಂಡೊ 64ಕ್ಕೆ ಒಂದೇ ಸಂಸ್ಥೆಯಿಂದ ಎರಡು ಆಟಗಳು ಬಂದವು. ಜೆಲ್ಡಾ ಸರಣಿಯ ಓಕರಿನಾ ಆಫ್ ಟೈಮ್ ಸೆಕೆಂಡಿಗೆ 20 ಫ್ರೇಮ್‌ಗಳಲ್ಲಿ ಓಡಿ, ಉಳಿದ ಶಕ್ತಿಯನ್ನು ವಿಶಾಲ ಬಯಲು, ಬೆಳಗು, ಸಂಜೆಗಳಿಗೆ ವ್ಯಯಿಸಿತು. ಎಫ್-ಜೀರೋ ಎಕ್ಸ್ ದಾರಿಬದಿಯ ವಿವರಗಳನ್ನೆಲ್ಲ ಕಿತ್ತುಹಾಕಿ, 30 ವಾಹನಗಳನ್ನು ಒಟ್ಟಿಗೆ ಸೆಕೆಂಡಿಗೆ 60 ಫ್ರೇಮ್‌ಗಳಲ್ಲಿ ಓಡಿಸಿತು. ಎರಡರ ನಿಂತ ಚಿತ್ರಗಳನ್ನು ಅಕ್ಕಪಕ್ಕ ಇಟ್ಟರೆ ಎಫ್-ಜೀರೋ ಬಡಪಾಯಿಯಂತೆ ಕಾಣುತ್ತದೆ. ಕಂಟ್ರೋಲರ್ ಹಿಡಿದು ಹತ್ತು ನಿಮಿಷ ಆಡಿ ನೋಡಿ, ಆ ಖಾಲಿತನವನ್ನು ಏಕೆ ಆರಿಸಿಕೊಂಡರು ಎಂಬುದು ಕೈಗೆ ತಿಳಿಯುತ್ತದೆ.

ಪ್ರಶ್ನೆ ಕೇಳಿದವರಿಂದ: ತುಂಗಾತೀರ

ಗೆಳೆಯರೊಂದಿಗೆ ಕುಳಿತು ಮಾತಾಡಿದೆ. ಗ್ರಾಫಿಕ್ಸ್‌ಗೆ ಅಂಕ ಕೊಡುವ ಬಾಬ್ತನ್ನು ತೆಗೆದುಹಾಕಿದ್ದೇವೆ. ಅದರ ಬದಲು ಯಾವ ಯಂತ್ರದಲ್ಲಿ, ಯಾವ ಪರದೆಯಲ್ಲಿ, ಯಾವ ಆವೃತ್ತಿಯನ್ನು ಆಡಿದೆವು ಎಂದು ಲೇಖನದ ತಲೆಯಲ್ಲೇ ಬರೆಯುತ್ತೇವೆ. ಚಿತ್ರ ಆಟಕ್ಕೆ ಎಲ್ಲಿ ನೆರವಾಯಿತು, ಎಲ್ಲಿ ಕೈಕೊಟ್ಟಿತು ಎಂಬುದನ್ನು ಪ್ರಸಂಗ ಸಮೇತ ವಿವರಿಸುತ್ತೇವೆ. ಐಜಿಐ ಲೇಖನದಲ್ಲಿ ಬೆಟ್ಟದ ಮೇಲಿನ ನೋಟಕ್ಕೆ ಒಂದು ಪೂರ್ತಿ ಪ್ಯಾರಾ ಸಿಕ್ಕಿದೆ, ಅದರ ಮುಂದಿನ ಪ್ಯಾರಾದಲ್ಲಿ ಹೊಸ ಮಿಷನ್ ಅವರ ಚುಕ್ಕೆಯಂಥ ಕಾವಲುಗಾರನೂ ಮತ್ತೆ ತುಂಬುವ ಬ್ಯಾರಕ್ಕೂ ಇವೆ. ಹಿಂದಿನ ಹನ್ನೊಂದು ಲೇಖನಗಳನ್ನೂ ಇದೇ ರೀತಿ ತಿದ್ದಬೇಕಾಗಿದೆ.

ಮುಂದಿನದು ರೋಡ್ ರ‍್ಯಾಶ್‌ನ ಪಿಸಿ ಆವೃತ್ತಿ. ಅದನ್ನು ಹಳೆಯ 4:3 ಮಾನಿಟರ್‌ನಲ್ಲಿ ಆಡುವ ಸೌಲಭ್ಯ ಶಿವಮೊಗ್ಗದ ಆಸುಪಾಸಿನಲ್ಲಿ ಯಾರ ಬಳಿಯಾದರೂ ಇದ್ದರೆ ದಯವಿಟ್ಟು ಇಲ್ಲಿಯೇ ತಿಳಿಸಿ, ಒಂದು ಭಾನುವಾರ ಬಂದು ಆಡಿ ನೋಡುತ್ತೇವೆ.